ಮಿತ್ರಾಳ ಎಡಗಿವಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಶ್ರವಣಯಂತ್ರ ಮಾರುವ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೇನೆ. ಕಿವಿ ಕೇಳದವರಿಗೆ ಕೂಗಿ ಮಾತಾಡುವುದು, ಯಂತ್ರದ ಬ್ಯಾಟರಿ ಬದಲಾಯಿಸಿ ಕೊಡುವುದು, "ಇದು ಹಾಕ್ಕೊಂಡ್ರೆ ಸೊಸೆ ಬೈಯೋದೂ ಕೇಳ್ಸುತ್ತೆ, ಯೋಚನೆ ಮಾಡಿ ತಗೊಳ್ಳಿ" ಎಂಬ ಹಳಸಿದ ಜೋಕು ಹೊಡೆಯುವುದು ನನ್ನ ಉದ್ಯೋಗ. ಕೂಗಿ ಕೂಗಿ ನನ್ನ ಗಂಟಲು ಹೇಗಾಗಿದೆಯೆಂದರೆ, ಆಲ್ಕೊಳದಲ್ಲಿ ನಾನಿರುವ ರೂಮಿನ ಓನರು "ಯೋಗರಾಜ್, ಫೋನಲ್ಲಿ ಮಾತಾಡ್ವಾಗ ಬಾಗಿಲು ಹಾಕ್ಕೊಳ್ಳಪ್ಪ" ಎನ್ನುತ್ತಾರೆ. ಬಾಗಿಲು ಹಾಕಿಯೇ ಇರುತ್ತದೆ. ಎತ್ತರ ಕಂಡರೆ ನನಗೆ ತಲೆ ಸುತ್ತುತ್ತದೆ; ಟ್ಯೂಬ್‌ಲೈಟ್ ಹಾಕಲು ಸ್ಟೂಲು ಹತ್ತಿದರೂ ಕೆಳಗೆ ಯಾರಾದರೂ ಹಿಡಿದುಕೊಂಡಿರಬೇಕು. ಇಂಥವನ ತಂಗಿ ಹೆಲಿಕಾಪ್ಟರ್ ಪೈಲಟ್ ಆಗಲು ಹೊರಟಳು. ಆಗುತ್ತಾಳೋ ಇಲ್ಲವೋ ಎನ್ನುವುದು ಕೊನೆಗೆ ಅವಳ ಎಡಗಿವಿಗೆ ಬಂದು ನಿಂತಿತು, ಆ ಎಡಗಿವಿ ಬಂದು ನನ್ನ ಕೈಗೆ ಬಿತ್ತು. ಅಲ್ಲಿಂದಲೇ ತೊಂದರೆ ಶುರು.

ತಂಗಿ ಎಂದರೆ ಚಿಕ್ಕಪ್ಪನ ಮಗಳು, ಸಂಘಮಿತ್ರಾ. ಮನೆಯವರಿಗೆ ಮಿತ್ರಾ. ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅವಳಪ್ಪ ರಾಮಯ್ಯ, ಅಂದರೆ ನನ್ನ ಚಿಕ್ಕಪ್ಪ, ಕಾಗದದ ಕಾರ್ಖಾನೆಯ ಮಷಿನ್ ಹೌಸಿನಲ್ಲಿ ದುಡಿದವನು. ಅಲ್ಲಿ ಎದುರಿಗೆ ನಿಂತವನ ಮಾತೂ ಕೇಳದಷ್ಟು ಸದ್ದು. ಸದ್ದು ತಡೆಯಲು ಕಿವಿಗೆ ಮುಚ್ಚಿಕೊಳ್ಳಲೆಂದು ಕೊಟ್ಟಿದ್ದ ಹಳದಿ ಬಣ್ಣದ ಮಫ್ಫನ್ನು ಚಿಕ್ಕಪ್ಪ ಮನೆಗೆ ತಂದು ಗೂಟಕ್ಕೆ ನೇತುಹಾಕಿದ್ದ. "ಅದು ಹಾಕ್ಕೊಂಡ್ರೆ ಮಷಿನ್ ಏನ್ ಹೇಳ್ತಿದೆ ಅಂತ ಹೆಂಗ್ ಗೊತ್ತಾಗ್ಬೇಕು?" ಎಂಬುದು ಅವನ ವಾದ. ಮಷಿನ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಕಾರ್ಖಾನೆ ನಿಲ್ಲುವ ಹೊತ್ತಿಗೆ, ಹೆಂಡತಿ ಹೇಳಿದ್ದು ಕೇಳಿಸದ ಹಾಗಾಗಿತ್ತು.

ಆ ಸದ್ದಿನಲ್ಲಿ ಕೆಲಸಗಾರರು ಕೈಯಲ್ಲೇ ಮಾತಾಡುತ್ತಿದ್ದರು. ಚಿಕ್ಕಪ್ಪ ಆ ಭಾಷೆಯನ್ನು ಮನೆಗೂ ತಂದ. ನೀರಿಗೆ ಒಂದು ಸನ್ನೆ, ಉಪ್ಪಿಗೊಂದು, ಬೇಡದ ನೆಂಟರು ಬಂದರೆ ಇನ್ನೊಂದು. ಎರಡು ಸನ್ನೆಗಳು ಮಾತ್ರ ನನಗೂ ಚೆನ್ನಾಗಿ ಗೊತ್ತು. ಮುಂಗೈ ಎರಡನ್ನೂ ಅಡ್ಡಡ್ಡ ಇಟ್ಟರೆ 'ಹಾಳೆ ಹರಿಯಿತು' ಎಂದು: ಮಷಿನ್ನಿನಲ್ಲಿ ಓಡುತ್ತಿದ್ದ ಕಾಗದ ನಡುವೆ ತುಂಡಾಗಿದೆ, ಎಲ್ಲರೂ ಓಡಿ ಬನ್ನಿ. ಎಡ ಅಂಗೈ ಮೇಲೆ ಬಲ ಅಂಗೈ ಸವರಿ ಮುಂದಕ್ಕೆ ಚಾಚಿದರೆ 'ಹಾಳೆ ಹತ್ತಿತು' ಎಂದು: ಕಾಗದ ಹರಿಯದೆ ಆ ತುದಿ ಮುಟ್ಟಿದೆ, ಇನ್ನು ಬೀಡಿ ಸೇದಬಹುದು. ಮಿತ್ರಾಳ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಎಸ್ಸಿ ಎಲ್ಲದರ ಫಲಿತಾಂಶವೂ ಆ ಮನೆಯಲ್ಲಿ ಪ್ರಕಟವಾದದ್ದು ಈ ಎರಡನೆಯ ಸನ್ನೆಯಿಂದ.

ಹೆಲಿಕಾಪ್ಟರಿನ ಹುಚ್ಚು ಹಿಡಿದದ್ದು ಅವಳು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ಯಾವುದೋ ಚುನಾವಣೆ, ಯಾರೋ ದೊಡ್ಡವರು ಭದ್ರಾವತಿಗೆ ಬಂದಿಳಿದರು. ಯಾರೆಂದು ಈಗ ನಮ್ಮಲ್ಲಿ ಒಬ್ಬರಿಗೂ ನೆನಪಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅವಳನ್ನು ಮೈದಾನಕ್ಕೆ ಕರೆದೊಯ್ದವನು ನಾನೇ. ರೆಕ್ಕೆಯ ಗಾಳಿಗೆ ಧೂಳೆದ್ದದ್ದೇ ತಡ, ಚಪ್ಪಲಿ ಬಿಟ್ಟು ಓಡಿ ಮರದ ಹಿಂದೆ ನಿಂತವನೂ ನಾನೇ. ಕಣ್ಣುಜ್ಜಿಕೊಂಡು ನೋಡಿದರೆ ಮಿತ್ರಾ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಹತ್ತಿರವೇ ಇದ್ದಳು. ದೊಡ್ಡವರು ಭಾಷಣಕ್ಕೆ ಹೋದ ಮೇಲೆ ಪೈಲಟ್ ಪಾಪ ಬಸ್ ಡ್ರೈವರಿನ ಹಾಗೆ ನೆರಳಿನಲ್ಲಿ ಕೂತು ಡಬ್ಬಿ ಬಿಚ್ಚಿ ಪುಳಿಯೋಗರೆ ತಿನ್ನುತ್ತಿದ್ದ. ಕೊರಳಲ್ಲಿ ಹೆಡ್‌ಸೆಟ್. ಅದು ನೋಡಲು ಚಿಕ್ಕಪ್ಪನ ಗೂಟದ ಮಫ್ಫಿನ ಅಣ್ಣನಂತಿತ್ತು.

"ಅಂಕಲ್, ಇಷ್ಟು ಸದ್ದಲ್ಲಿ ನಿಮ್ಗೆ ಮಾತು ಕೇಳ್ಸುತ್ತಾ?" ಎಂದು ಕೇಳಿದಳು.

ಅವನು ಮೈಸೂರಿನವನಂತೆ. "ಸದ್ದೆಲ್ಲ ಹೊರಗೆ ಪುಟ್ಟಿ. ಇದು ಹಾಕ್ಕೊಂಡ್ರೆ ಒಳಗೆ ಬರೀ ಮಾತು" ಎಂದ.

ಅಷ್ಟು ಗದ್ದಲದ ಮಷಿನ್ನಿನೊಳಗೆ ಕೂತೂ ಒಬ್ಬರ ಮಾತು ಒಬ್ಬರಿಗೆ ಕೇಳಿಸುವ ಜಾಗ ಇದೆ ಎನ್ನುವುದೇ ಅವಳಿಗೆ ದೊಡ್ಡ ಸುದ್ದಿಯಾಗಿತ್ತು. ಹಾರುವುದು ಆಮೇಲಿನ ಮಾತು. ಅವತ್ತು ಸಂಜೆ ಅಪ್ಪನ ಮಫ್ಫನ್ನು ತಲೆಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತವಳು ಊಟಕ್ಕೆ ಕರೆದರೂ ಇಳಿಯಲಿಲ್ಲ. ಕರೆದದ್ದು ಕೇಳಿಸಿದ್ದರೆ ತಾನೆ.

ಬಿಎಸ್ಸಿ ಮುಗಿಸಿ, ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದಳು. ಕೊನೆಗೆ ಬೆಂಗಳೂರಿನ ಹೆಲಿಕಾಪ್ಟರ್ ಕಂಪನಿಯೊಂದು ಆಯ್ಕೆ ಮಾಡಿತು. ತರಬೇತಿ ಅವರದೇ, ಆಮೇಲೆ ಕೆಲಸವೂ ಅವರಲ್ಲೇ. ಷರತ್ತು ಒಂದೇ: ಪೈಲಟ್‌ಗಳ ಮೆಡಿಕಲ್‌ನಲ್ಲಿ ಪಾಸಾಗಬೇಕು. ಇಲ್ಲವಾದರೆ ಸರದಿಯಲ್ಲಿ ಹಿಂದೆ ನಿಂತವರಿಗೆ ಆ ಜಾಗ.

"ಹೆಲಿಕಾಪ್ಟರ್ ಡ್ರೈವರ್ರಾ?" ಎಂದಳು ಪಕ್ಕದ ಮನೆಯ ಹಾಲಮ್ಮ. "ಹೆಣ್ಮಗೀಗೆ ಒಂದು ಬ್ಯಾಂಕ್ ಎಕ್ಸಾಮ್ ಬರೆಸ್ಬಾರ್ದಾ ದುರ್ಗಮ್ಮಾ? ನೆಲದ್ ಮೇಲಾದ್ರೂ ಇರ್ತಾಳೆ."

ಚಿಕ್ಕಮ್ಮ ದುರ್ಗಮ್ಮನಿಗೆ ಆ ಮಾತು ನಾಟಿತು. ಆದರೆ ಅವಳ ಹೆದರಿಕೆ ಬೀಳುವುದರ ಬಗ್ಗೆ ಅಲ್ಲ. "ಬೀಳೋದು ಬಿಡೋ, ಬಸ್ಸೂ ಬೀಳುತ್ತೆ. ಆ ಸದ್ದು! ಅವರಪ್ಪ ಮಷಿನ್ ಪಕ್ಕ ನಿಂತು ಕಿವಿ ಕಳ್ಕೊಂಡ. ಇವ್ಳು ಮಷಿನ್ ಒಳಗೇ ಹೋಗಿ ಕೂತ್ಕೋತೀನಿ ಅಂತಾಳೆ."

ಆಗ ನಾನು ಎದೆ ತಟ್ಟಿಕೊಂಡೆ. ಕಿವಿಯ ವಿಷಯವೆಂದರೆ ನಮ್ಮ ಖಾತೆ. ಬೆಂಗಳೂರಿನಲ್ಲಿ ಹೇಗೂ ಕಿವಿ ನೋಡುತ್ತಾರೆ, ಅದಕ್ಕೆ ಮೊದಲು ನಾನೇ ಒಂದು ಸಲ ನೋಡಿಬಿಡುತ್ತೇನೆ ಎಂದೆ. ನನ್ನ ಮಾತಿಗೆ ಆ ಮನೆಯಲ್ಲಿ ಎಷ್ಟು ಬೆಲೆ ಎನ್ನುವುದಕ್ಕೆ ಒಂದು ಸಾಕ್ಷಿ ಹೇಳಬೇಕು. ನಮ್ಮ ಅಂಗಡಿಯಿಂದಲೇ ನಾನು ಚಿಕ್ಕಪ್ಪನಿಗೆ ಕೊಡಿಸಿದ ಶ್ರವಣಯಂತ್ರ ದೇವರ ಗೂಡಿನಲ್ಲಿ, ಅರಿಶಿನ ಕುಂಕುಮದ ಬಟ್ಟಲಿನ ಪಕ್ಕ ಇದೆ. "ಎಲ್ಲಾ ಸದ್ದೂ ಒಟ್ಟಿಗೇ ನುಗ್ಗುತ್ತೆ ಮಾರಾಯ, ಅದ್ರಲ್ಲಿ ಮಾತು ಯಾವ್ದು ಅಂತ ಹುಡುಕ್ಬೇಕು" ಎಂದು ಎರಡೇ ದಿನಕ್ಕೆ ತೆಗೆದಿಟ್ಟಿದ್ದ. ದಿನವೂ ಅದಕ್ಕೆ ಊದುಬತ್ತಿ ಬೆಳಗುತ್ತಾರೆ.

ಅಂಗಡಿಯಲ್ಲಿ ಕಿವಿ ಪರೀಕ್ಷೆ ಮಾಡುವವರು ಶ್ರೀಗೌರಿ ಮೇಡಂ, ಅದನ್ನೇ ಓದಿದವರು. ಅವರು ಊಟಕ್ಕೆ ಹೋದ ಹೊತ್ತು ನೋಡಿಕೊಂಡು ಮಿತ್ರಾಳನ್ನು ಕರೆಸಿದೆ. ಗಾಜಿನ ಕಿಟಕಿಯ ಸಣ್ಣ ಕೋಣೆ. ಒಳಗೆ ಅವಳು, ಹೊರಗೆ ಮೆಷಿನ್ ಮುಂದೆ ನಾನು. ನಾನು ಒಂದೊಂದೇ ದನಿ ಬಿಡಬೇಕು, ಕೇಳಿಸಿದರೆ ಅವಳು ಗುಂಡಿ ಒತ್ತಬೇಕು, ಒತ್ತಿದರೆ ನನ್ನ ಮುಂದೆ ದೀಪ ಹೊತ್ತುತ್ತದೆ. ದಪ್ಪ ದನಿ, ಸಣ್ಣ ದನಿ, ಇರುವೆ ನಡೆದಂಥ ದನಿ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಬಂದ ಗ್ರಾಫು ಹೊಸದಾಗಿ ಟಾರು ಹಾಕಿದ ರಸ್ತೆಯ ಹಾಗೆ ನೆಟ್ಟಗಿತ್ತು.

"ಲೇ, ನಿಂದು ಕಿವಿಯಲ್ಲ, ನಾಯಿ ಕಿವಿ ಮಾರಾಯ್ತಿ!" ಎಂದು ಕುಣಿದೆ. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವಳು ಹಾಲಮ್ಮನಿಗೆ ಹೇಳಿದಳು. ಹಾಲಮ್ಮನಿಗೆ ಹೇಳಿದ ಮೇಲೆ ಕಾಗದನಗರದಲ್ಲಿ ಬೇರೆ ಯಾರಿಗೂ ಹೇಳುವ ಅಗತ್ಯವಿರುವುದಿಲ್ಲ.

ಆ ಗ್ರಾಫನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದು ನನ್ನ ತಪ್ಪು. ಶ್ರೀಗೌರಿ ಮೇಡಂ ನೋಡಿ, "ಯಾರದ್ದಿದು? ಇಷ್ಟು ಚೆಂದ ನನ್ನ ಕಿವೀನೂ ಇಲ್ಲ" ಎಂದರು. ಹೇಳಿದೆ. "ನೀನು ಎಲ್ಲಿ ಕೂತಿದ್ದೆ?" ಎಂದರು. ಅದನ್ನೂ ಹೇಳಿದೆ. "ಅವಳು ಎಲ್ಲಿ ನೋಡ್ತಿದ್ಲು?"

ನಾನು ಗ್ರಾಫನ್ನು ಗಾಜಿನ ಕೆಳಗಿಂದ ಎಳೆದು ಮಡಚಿಟ್ಟೆ.

ಮರುದಿನ ಮಿತ್ರಾಳನ್ನು ಗಾಜಿಗೆ ಬೆನ್ನು ಹಾಕಿಸಿ ಕೂರಿಸಿದರು. ನಾನು ಮೇಡಂ ಹಿಂದೆ ನಿಂತು ನೋಡುತ್ತಿದ್ದೆ. ದನಿ ಬಿಟ್ಟರು. ಗುಂಡಿಯ ದೀಪ ಹೊತ್ತಲಿಲ್ಲ. ಸ್ವಲ್ಪ ಜೋರು ಮಾಡಿದರು. ಹೊತ್ತಲಿಲ್ಲ. ಇನ್ನೂ ಜೋರು ಮಾಡಿದ ಮೇಲೆ ಹೊತ್ತಿತು. ಬಲಗಿವಿ ಮುಗಿಸಿ ಎಡಗಿವಿಗೆ ಬಂದಾಗ ಗ್ರಾಫು ತೋಟಕ್ಕಿಳಿಯುವ ಕಾಲುದಾರಿಯಂತೆ ಕೆಳಗೆ ಹೋಯಿತು.

"ಮೊನ್ನೆ ಇವನ ಮುಖ ನೋಡಿ ಒತ್ತಿದ್ಯಾ?" ಎಂದು ಮೇಡಂ ಕೇಳಿದರು.

ಮಿತ್ರಾಳ ಮುಖ ಬಿಳುಚಿತ್ತು. "ಬೇಕೂ ಅಂತ ಅಲ್ಲ ಮೇಡಂ. ಕೇಳಿಸ್ತು ಅಂತಾನೇ ಅನ್ನಿಸ್ತು."

"ಪ್ರತಿ ಸಲ ಹುಬ್ಬು ಹಾರಿಸಿರ್ತಾನೆ" ಎಂದರು ಮೇಡಂ. "ಯೋಗರಾಜ್, ನಿನ್ನ ಹುಬ್ಬಿನ ಸದ್ದು ನಮ್ಮ ಮೆಷಿನ್‌ಗಿಂತ ಜೋರಾಗಿದೆ."

ಅವಳು ಸುಳ್ಳು ಹೇಳಿರಲಿಲ್ಲ. ಆ ಮನೆಯಲ್ಲಿ ಕಣ್ಣಿನಲ್ಲೇ ಕೇಳಿಸಿಕೊಳ್ಳುತ್ತಾರೆ. ಯಾರಾದರೂ ಬಾಯಿ ತೆರೆಯುವ ಮೊದಲೇ ಅವರ ಭುಜ, ಕೈ, ಹುಬ್ಬು ನೋಡಿ ಅರ್ಥಮಾಡಿಕೊಂಡು ಬೆಳೆದವಳು. ಅದರಲ್ಲಿ ಕಿವಿಯದೆಷ್ಟು, ಕಣ್ಣಿನದೆಷ್ಟು ಎಂಬುದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿದ್ದವನು ಸಂಬಳ ತೆಗೆದುಕೊಳ್ಳುವ ನಾನು.

ಮೇಡಂ ಬೆಳಕು ಬಿಟ್ಟು ಕಿವಿಯೊಳಗೆ ಇಣುಕಿದರು. "ಅಯ್ಯೋ, ಒಳಗೆ ಪರದೇನೇ ಕಾಣ್ತಿಲ್ಲ. ಗುಗ್ಗೆ ತುಂಬಿ ಊದಿ ಕೂತಿದೆ. ಎಣ್ಣೆ ಹಾಕ್ತೀಯಾ?"

"ಅಮ್ಮ ಹಾಕ್ತಾರೆ."

"ಯಾವಾಗ್ಯಾವಾಗ?"

"ಮುಂಚೆ ಶುಕ್ರವಾರ ತಲೆಗೆ ಎರೆಯುವಾಗ. ಸೆಲೆಕ್ಟ್ ಆದ್ಮೇಲೆ..." ತಲೆ ತಗ್ಗಿಸಿದಳು. "ದಿನಾ."

ನನಗೆ ಉಸಿರು ಬಂದಂತಾಯಿತು. ಎಣ್ಣೆ ತಾನೆ! ಆದರೆ ಮೇಡಂ ನಗಲಿಲ್ಲ. ಕಿವಿಯ ಹಿಂದಿನ ಎಲುಬಿಗೆ ಒಂದು ಬಿಲ್ಲೆ ಇಟ್ಟು, ಒಳಗಿವಿ ಹೇಗಿದೆಯೆಂದು ಇನ್ನೊಂದು ಪರೀಕ್ಷೆ ಮಾಡಿದರು. "ಬಲಗಡೆ ಒಳಗೆ ಸರಿ ಇರೋ ಹಾಗಿದೆ. ಎಡಗಡೆ ಸಣ್ಣ ದನಿ ಬಿಟ್ಟುಹೋಗ್ತಿದೆ. ಗುಗ್ಗೆದೋ ನರದ್ದೋ, ಅದು ತೆಗೆಯೋವರೆಗೂ ನಾನು ಹೇಳಲ್ಲ."

"ನರದ್ದಾದ್ರೆ?"

"ನರದ್ದಾದ್ರೆ ವಾಪಸ್ ಬರಲ್ಲ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ದಿನವೂ ಗಿರಾಕಿಗಳಿಗೆ ನಾನೇ ಹೇಳುವ ಮಾತು ಅದು. ಸದ್ದಿನಿಂದಾದ ಕಿವುಡು ಮಕ್ಕಳಿಗೆ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ನಮ್ಮ ಅಜ್ಜನೂ ಕೊನೆಗಾಲದಲ್ಲಿ ಕಿವುಡನಾಗಿದ್ದ. ಅವನು ಯಾವ ಮಷಿನ್ನನ್ನೂ ಕಂಡವನಲ್ಲ. ಆ ಲೆಕ್ಕದಲ್ಲಿ ನನ್ನ ಕಿವಿಗೂ ಪಾಲಿದೆ ಎಂದು ಹೊಳೆದು, ತಂಗಿಯ ಚಿಂತೆಯ ನಡುವೆ ನಾಚಿಕೆಯಿಲ್ಲದೆ ನನ್ನ ವಾಚನ್ನು ಎರಡೂ ಕಿವಿಗೆ ಹಿಡಿದು ನೋಡಿಕೊಂಡೆ. ಟಿಕ್ ಟಿಕ್ ಕೇಳಿಸಲಿಲ್ಲ. ಆಮೇಲೆ ನೆನಪಾಯಿತು, ಅದು ಡಿಜಿಟಲ್ ವಾಚು.

ಬೈಕಿನಲ್ಲಿ ಅವಳನ್ನು ಕೂರಿಸಿಕೊಂಡು ಭದ್ರಾವತಿಗೆ ಹೋದೆ. ಚಿಕ್ಕಮ್ಮ ಒಲೆಯ ಮುಂದೆ ಸೌಟಿನಲ್ಲಿ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸುತ್ತಿದ್ದಳು. ನಾನು ಒಲೆ ಆರಿಸಿದೆ.

"ಯಾಕೋ, ಏನಾಯ್ತೋ?"

"ಕಿವಿಗೆ ಎಣ್ಣೆ ಹಾಕು ಅಂತ ಯಾರ್ ಹೇಳಿದ್ದು ಚಿಕ್ಕಮ್ಮ?"

"ಯಾರ್ ಹೇಳ್ಬೇಕು? ನಮ್ಮಮ್ಮ ನಂಗೆ ಹಾಕ್ತಿದ್ಲು, ನಿಮ್ಮಮ್ಮ ನಿಂಗೆ ಹಾಕಿಲ್ವಾ? ನಿಮ್ ಚಿಕ್ಕಪ್ಪಂಗೂ ಹಾಕ್ತೀನಿ ಅಂದೆ, ದಿಂಬು ಜಿಡ್ಡಾಗುತ್ತೆ ಅಂತ ತಲೆ ಕೊಡ್ಲಿಲ್ಲ. ಏನಾಯ್ತು ನೋಡ್ದೆ ತಾನೆ? ಇವ್ಳಿಗೂ ಹಂಗಾಗ್ಬಾರ್ದು ಅಂತ..."

ಮಿತ್ರಾ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಸೌಟು ಹಿಡಿದೇ ನಿಂತಿದ್ದಳು. ಎಣ್ಣೆ ತಣ್ಣಗಾಗಿ ಬೆಳ್ಳುಳ್ಳಿ ತಳಕ್ಕೆ ಕೂತಿತು.

ಚಿಕ್ಕಪ್ಪ ಹಾಲಿನಿಂದ ಎದ್ದು ಬಂದ. ನಮ್ಮ ಮುಖಗಳನ್ನು ಒಂದಾದ ಮೇಲೊಂದು ನೋಡಿದ. "ಏನಂತೆ?" ಎಂದ, ಬೀದಿಗೆಲ್ಲ ಕೇಳುವಂತೆ. ಯಾರೂ ಕೈ ಎತ್ತಲಿಲ್ಲ. ಅವನು ತನ್ನ ಕಿವಿ ಮುಟ್ಟಿಕೊಂಡು ಮಗಳ ಕಡೆ ಬೆರಳು ತೋರಿಸಿದ. "ನಂದು ಅವ್ಳಿಗೆ ಬಂತಾ?"

ಮಿತ್ರಾ ಗೊತ್ತಿಲ್ಲ ಎಂದು ಕೈ ಆಡಿಸಿದಳು. ಗೊತ್ತಿಲ್ಲ ಎನ್ನುವ ಸನ್ನೆ ಮಾತ್ರ ಎಲ್ಲ ಕಡೆಯೂ ಒಂದೇ.

ಕಿವಿ ಡಾಕ್ಟರು ಗುಗ್ಗೆ ಮೆತ್ತಗಾಗಲಿ ಎಂದು ಹನಿ ಔಷಧ ಬರೆದುಕೊಟ್ಟರು. ಈಗಲೇ ಕೀಳಲು ಹೋದರೆ ಗಾಯವಾಗುತ್ತದೆ, ಬೆಂಗಳೂರಿಗೆ ಹೊರಡುವ ದಿನ ಬೆಳಿಗ್ಗೆ ಬಾ, ತೊಳೆಯುತ್ತೇನೆ ಎಂದರು. ಅಲ್ಲಿಯವರೆಗಿನ ದಿನಗಳು ಆ ಮನೆಯಲ್ಲಿ ಹೇಗೆ ಕಳೆದವೋ. ಚಿಕ್ಕಮ್ಮ ಮಗಳ ಬೆನ್ನ ಹಿಂದೆ ನಿಂತು ಮೆಲ್ಲಗೆ "ಮಿತ್ರಾ" ಎನ್ನುವುದು, ಅವಳು ತಿರುಗದಿದ್ದರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು. ತಿರುಗಿದರೂ ನೆರಳು ನೋಡಿ ತಿರುಗಿದಳೇನೋ ಎಂಬ ಅನುಮಾನ. ಔಷಧದಿಂದ ಕಿವಿ ಇನ್ನಷ್ಟು ಕಟ್ಟಿಕೊಂಡಿತ್ತು. ಮಿತ್ರಾ ಟ್ಯೂಷನ್ನಿಗೆ ರಜೆ ಹೇಳಿ ಗೋಡೆ ನೋಡಿಕೊಂಡು ಕೂರುತ್ತಿದ್ದಳು. ಚಿಕ್ಕಪ್ಪ ಗೂಟದಿಂದ ಹಳದಿ ಮಫ್ಫನ್ನು ಇಳಿಸಿ, ಒರೆಸಿ, ಮತ್ತೆ ಅಲ್ಲೇ ನೇತುಹಾಕುತ್ತಿದ್ದ. ಇದನ್ನು ದಿನವೂ ಮಾಡುತ್ತಿದ್ದನಂತೆ.

ಹೊರಡುವ ದಿನ ಡಾಕ್ಟರು ತೊಳೆದರು. ಏನೇನು ಬಂತೆಂದು ಹೇಳಿದರೆ ಓದುವವರು ಊಟ ಬಿಡುತ್ತೀರಿ. ಹೊರಗೆ ಬಂದ ಮಿತ್ರಾ, ನಾನು "ಹೆಂಗಿದೆ?" ಎಂದದ್ದೇ ತಡ, ಮುಖ ಕಿವುಚಿದಳು. "ಯೋಗಣ್ಣ, ಯಾಕ್ ಹಿಂಗೆ ಕಿರಿಚ್ತೀಯಾ?"

ಜೀವ ಬಂತು. "ಎಡಗಡೆ?"

"ಕೇಳಿಸ್ತಿದೆ." ಎಡಗಿವಿ ಮುಟ್ಟಿಕೊಂಡು ಹೇಳಿದಳು, "ಕೇಳಿಸ್ತಿದೆ ಅಂತ ಆವತ್ತೂ ಅನ್ನಿಸಿತ್ತು."

ಮೇಡಂ ಹತ್ತಿರ ಒಂದು ಸಲ ಪರೀಕ್ಷೆ ಮಾಡಿಸಿಕೊಂಡೇ ರೈಲು ಹತ್ತುವುದೆಂದು ಅಂಗಡಿಗೆ ಓಡಿದೆವು. ಲೈನ್ ಕೆಲಸವೆಂದು ಕರೆಂಟ್ ತೆಗೆದಿದ್ದರು. ಪರವಾಗಿಲ್ಲ, ಯುಪಿಎಸ್ ಇದೆಯಲ್ಲ. ಮೇಡಂ ಗುಂಡಿ ಒತ್ತಿದರು. ಅದು ಒಂದು ಸಲ ಕುಂಯ್ ಎಂದು ಸತ್ತಿತು. ಬ್ಯಾಟರಿಗೆ ನೀರು ಹಾಕಿರಲಿಲ್ಲ. ಹಾಕುವುದು ಯಾರ ಕೆಲಸವೆಂದು ಮೇಡಂ ಕೇಳಲಿಲ್ಲ, ಸುಮ್ಮನೆ ನನ್ನನ್ನು ನೋಡಿದರು. ರೈಲಿಗೆ ಹೊತ್ತಾಗಿತ್ತು.

ಹೀಗೆ ನಮ್ಮ ಮಿತ್ರಾ ತನ್ನ ಎಡಗಿವಿಯ ಸಮಾಚಾರ ತಿಳಿಯದೆಯೇ ಬೆಂಗಳೂರಿಗೆ ಹೋದಳು. ರೈಲು ಭದ್ರಾವತಿಯಲ್ಲಿ ನಿಂತಾಗ ಚಿಕ್ಕಪ್ಪ ಚಿಕ್ಕಮ್ಮ ಬಂದು ಕಿಟಕಿಯ ಹತ್ತಿರ ನಿಂತಿದ್ದರು. ಶಿವಮೊಗ್ಗದಿಂದ ಜೊತೆಗೆ ಬಂದಿದ್ದ ನಾನೂ ಅಲ್ಲೇ ಇಳಿದೆ. ಆಗ ಅವಳು ಒಂದು ಕಟ್ಟಪ್ಪಣೆ ಮಾಡಿದಳು. "ಯಾರೂ ಫೋನ್ ಮಾಡ್ಬೇಡಿ. ನಾನೂ ಮಾಡಲ್ಲ. ಪಾಸೋ ಫೇಲೋ ಬಂದೇ ಹೇಳ್ತೀನಿ."

"ಅಲ್ಲಿವರ್ಗೂ ನಾನು ಬದುಕಿರ್ಬೇಕಲ್ಲೇ!" ಎಂದಳು ಚಿಕ್ಕಮ್ಮ.

"ಫೋನಲ್ಲಿ ಹೇಳಿದ್ರೆ ನಿಂಗೆ ಗೊತ್ತಾಗುತ್ತೆ, ಯೋಗಣ್ಣಂಗೆ ಗೊತ್ತಾಗುತ್ತೆ, ಹಾಲಮ್ಮಂಗೂ ಗೊತ್ತಾಗುತ್ತೆ. ಅಪ್ಪಂಗೆ ಎಲ್ಲಾ ಸುದ್ದೀನೂ ಕೊನೆಗೇ. ಇದೊಂದು ಅಪ್ಪಂಗೆ ಮೊದ್ಲು."

ಚಿಕ್ಕಪ್ಪನಿಗೆ ಇದು ಕೇಳಿಸಲಿಲ್ಲ. ರೈಲು ಹೊರಟಾಗ ಎಲ್ಲರ ಹಾಗೆ ಕೈ ಬೀಸಿದ.

ಮುಂದಿನ ದಿನಗಳಲ್ಲಿ ಅಂಗಡಿಯಲ್ಲಿ ನಾನು ಮಾಡಿದ ಕೆಲಸವನ್ನು ಕೆಲಸ ಎನ್ನಲಾಗದು. ಕುಂಸಿಯಿಂದ ಬಂದ ಬಂಗಾರಪ್ಪ ಎಂಬ ಹಿರಿಯರಿಗೆ ಎಡಗಿವಿಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಸಿಕ್ಕಿಸಿ, ಯಾಕೆ ಕೂರುತ್ತಿಲ್ಲ ಎಂದು ಒತ್ತಿದೆ. ಅವರು ನೋವು ತಡೆದುಕೊಂಡು, "ತಮ್ಮಾ, ಮನೇಲಿ ಎಲ್ಲಾ ಸೌಖ್ಯವಾ?" ಎಂದು ಕೇಳಿದರು. ಫೋನು ಬಡಿದುಕೊಂಡಾಗಲೆಲ್ಲ ಹಾರಿಬೀಳುತ್ತಿದ್ದೆ. ಪ್ರತಿ ಸಲವೂ ಚಿಕ್ಕಮ್ಮನೇ. "ಏನಾದ್ರೂ ಗೊತ್ತಾಯ್ತೇನೋ?" "ಇಲ್ಲ ಚಿಕ್ಕಮ್ಮ." "ನಂಗೂ ಇಲ್ಲ ಕಣೋ." ಇಷ್ಟೇ ಮಾತು, ಇಟ್ಟುಬಿಡುವುದು.

ಅವಳು ವಾಪಸ್ ಬರುವ ಸಂಜೆ ಮೂವರೂ ಭದ್ರಾವತಿ ಸ್ಟೇಷನ್ನಿನಲ್ಲಿದ್ದೆವು. ರೈಲು ಬಂತು. ಮದುವೆಗೆ ಹೋಗಿ ಬಂದ ದಿಬ್ಬಣವೊಂದು ಸೂಟ್‌ಕೇಸು, ಹೂವಿನ ಬುಟ್ಟಿ, ಅಳುವ ಮಕ್ಕಳ ಸಮೇತ ನಮ್ಮ ಮುಂದೆಯೇ ಇಳಿಯಿತು. ನನಗೆ ತಲೆಗಳು ಮಾತ್ರ ಕಾಣುತ್ತಿದ್ದವು. "ಎಲ್ಲೋ? ಕಂಡ್ಲೇನೋ?" ಎಂದು ಚಿಕ್ಕಮ್ಮ ನನ್ನ ತೋಳು ಚಿವುಟುತ್ತಿದ್ದಳು. "ಮಿತ್ರಾ!" ಎಂದು ಕೂಗಿದೆ. ಅಂಗಡಿಯಲ್ಲಿ ಪಳಗಿದ ಗಂಟಲು. ಆದರೂ ಆ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಚಿಕ್ಕಪ್ಪ ಯಾವಾಗ ಕಲ್ಲುಬೆಂಚು ಹತ್ತಿದನೋ ಗೊತ್ತಿಲ್ಲ. ಬೋಗಿಯ ಬಾಗಿಲಿನ ಕಡೆ ಕಣ್ಣು ನೆಟ್ಟು ನಿಂತಿದ್ದ. ಆಕಡೆಯಿಂದ ಅವಳು ಏನು ತೋರಿಸಿದಳೋ ನನಗೆ ಕಾಣಲಿಲ್ಲ. ಚಿಕ್ಕಪ್ಪನ ಮುಖದಲ್ಲೂ ಏನೂ ಕಾಣಲಿಲ್ಲ. ಮಷಿನ್ ಹೌಸಿನಲ್ಲಿ ನಿಂತು ಕಾಗದ ನೋಡುವಾಗಲೂ ಹೀಗೇ ನಿಲ್ಲುತ್ತಿದ್ದನೇನೋ.

"ಚಿಕ್ಕಪ್ಪ! ಏನಂತೆ?" ಪ್ಯಾಂಟು ಹಿಡಿದು ಜಗ್ಗಿದೆ.

ಕೇಳಿಸಲಿಲ್ಲವೋ, ಕೇಳಿಸದವನ ಹಾಗೆ ಮಾಡಿದನೋ. ನಮಗಿಂತ ಮೊದಲು ಅವನಿಗೆ ಸುದ್ದಿ ಗೊತ್ತಾದದ್ದು ಅದೇ ಮೊದಲ ಸಲ, ಅದನ್ನು ಒಂದು ಗಳಿಗೆ ತನ್ನ ಹತ್ತಿರವೇ ಇಟ್ಟುಕೊಂಡ. ಆಮೇಲೆ ಎಡ ಅಂಗೈ ಮುಂದೆ ಹಿಡಿದು, ಬಲ ಅಂಗೈಯಿಂದ ಅದನ್ನು ಸವರಿ, ಕೈಯನ್ನು ಜನರ ತಲೆಗಳ ಮೇಲೆ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಚಾಚಿದ.

ಚಿಕ್ಕಮ್ಮ ಅಲ್ಲೇ ಬೆಂಚಿನ ತುದಿಗೆ ಕುಸಿದು ಕೂತಳು.

ದಿಬ್ಬಣ ಕರಗಿ ಮಿತ್ರಾ ಹತ್ತಿರ ಬಂದ ಮೇಲೆ ಉಳಿದ ಮಾತು ತಿಳಿಯಿತು. ಎಡಗಿವಿಯಲ್ಲಿ ಸಣ್ಣ ದನಿ ಸ್ವಲ್ಪ ಕಡಿಮೆಯೇ ಅಂತೆ. ಗುಗ್ಗೆಯದಲ್ಲ, ಒಳಗಿನದೇ. ಸದ್ಯಕ್ಕೆ ಅವರ ಮಿತಿಯೊಳಗಿದೆ, ಅದಕ್ಕೇ ಪಾಸು. ಆದರೆ ವರ್ಷಕ್ಕೊಮ್ಮೆ ಮೆಡಿಕಲ್ ಇರುತ್ತದೆ. ಆ ಗೆರೆ ಇನ್ನಷ್ಟು ಇಳಿದರೆ ಹಾರುವುದು ಅಲ್ಲಿಗೆ ನಿಂತಿತು.

"ವರ್ಷ ವರ್ಷನಾ?" ಎಂದಳು ಚಿಕ್ಕಮ್ಮ. "ಹಂಗಾದ್ರೆ ಈ ಹೊಟ್ಟೆ ಸಂಕಟ ವರ್ಷ ವರ್ಷನೂ ಪಡ್ಬೇಕಾ?"

"ನಾನು ಹಾರ್ತಿರೋವರ್ಗೂ ಪಡ್ಬೇಕು" ಎಂದಳು ಮಿತ್ರಾ.

ಚಿಕ್ಕಪ್ಪ ಬೆಂಚಿನಿಂದಿಳಿದು ಅವಳ ಬಾಯನ್ನೇ ನೋಡುತ್ತಿದ್ದ. ಎಷ್ಟು ಅರ್ಥವಾಯಿತೋ. ತನ್ನ ಎರಡೂ ಕಿವಿಗಳ ಮೇಲೆ ಅಂಗೈ ಮುಚ್ಚಿ, ಅಲ್ಲಿ ಕೊಡುತ್ತಾರಾ ಎಂಬಂತೆ ಗಲ್ಲ ಎತ್ತಿದ. ಅವಳು ಹೌದೆಂದು ತಲೆಯಾಡಿಸಿದಳು.

"ಹಾಕ್ಕೋ" ಎಂದ. ಪ್ಲಾಟ್‌ಫಾರಂ ತುಂಬ ಜನ ತಿರುಗಿ ನೋಡಿದರು. "ತಂದು ಗೂಟಕ್ಕೆ ನೇತಾಕ್ಬೇಡ."

ಅವಳು ಅಪ್ಪನ ಕೈಗೆ ಬ್ಯಾಗು ಕೊಟ್ಟು ಮುಖ ಆಚೆ ತಿರುಗಿಸಿದಳು. ಚಿಕ್ಕಮ್ಮ ನನ್ನ ಕಡೆ ವಾಲಿ, ಪಿಸುಮಾತೆಂದುಕೊಂಡು ಅಷ್ಟೇ ಜೋರಾಗಿ ಕೇಳಿದಳು: "ಲೋ ಯೋಗಿ, ಒಂದೇ ಒಂದು ತೊಟ್ಟು ಎಣ್ಣೆನೂ ಬೇಡ್ವೇನೋ? ಹಬ್ಬದ್ ದಿನನಾದ್ರೂ?"